ಕೊಟ್ಟ ಮನೆಯ ನೀರು

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಎಷ್ಟೋ ಹೆಣ್ಣುಮಕ್ಕಳ ಮೈಯಲ್ಲಿ ಎರಡು ಊರಿನ ನೀರು ಕೂತಿರುತ್ತದೆ. ಹಲ್ಲಿನ ಮೇಲಿನ ಕಂದು ಪಟ್ಟೆ ತವರಿನದು. ಕಾಯಂ ಹಲ್ಲಿನ ಹೊಳಪು ಪದರ ದವಡೆಯೊಳಗೆ ರೂಪುಗೊಳ್ಳುವುದು ಸುಮಾರು ಎಂಟನೆಯ ವಯಸ್ಸಿನ ತನಕ. ಆ ವರ್ಷಗಳಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಕಲೆ ಹಲ್ಲಿನೊಳಗೇ ಬೆಳೆದು ಬರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮದುವೆಯಾಗಿ ಹೋದ ಊರಿನ ನೀರೂ ಅಂಥದ್ದೇ ಆಗಿದ್ದರೆ ಹಲ್ಲಿಗೆ ಹೊಸ ಕಲೆ ಬೀಳುವುದಿಲ್ಲ. ಅದು ಸೊಂಟಕ್ಕೆ, ಮೊಣಕಾಲಿಗೆ, ಬೆನ್ನುಹುರಿಯ ಸುತ್ತಲಿನ ಎಲುಬಿಗೆ ಇಳಿಯುತ್ತದೆ. ಮೂವತ್ತು ದಾಟದ ಹೆಂಗಸು ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯುತ್ತಾಳೆ. ಕೇಳಿದರೆ ಸೊಂಟ ಹಿಡದೈತಿ ಅನ್ನುತ್ತಾಳೆ, ಅಷ್ಟೇ.

ಗಂಡಸು ಹುಟ್ಟಿದ ಊರಿನ ನೀರನ್ನೇ ಕೊನೆತನಕ ಕುಡಿಯುತ್ತಾನೆ. ಹೆಣ್ಣಿನ ಪಾಲಿಗೆ ನೀರು ಬದಲಾಗುವುದು ಅವಳು ಆರಿಸಿಕೊಳ್ಳದ ದಿನ. ಕನ್ಯೆ ನೋಡಲು ಬಂದವರು ಹುಡುಗಿಯ ಹಲ್ಲು ನೋಡುತ್ತಾರೆ. ಹುಡುಗಿ ಕೊಡುವವರು ಹೊಲ ನೋಡುತ್ತಾರೆ, ಮನೆ ನೋಡುತ್ತಾರೆ, ಆ ಊರಿನ ಬೋರಿನ ನೀರು ಎಂಥದ್ದು ಎಂದು ಕೇಳುವುದು ಅಪರೂಪ. ಈ ಸೀಮೆಯಲ್ಲಿ ಒಬ್ಬ ತರುಣಿ ವರ್ಷಗಟ್ಟಲೆ ಕಾಡುವ ಕಾಯಿಲೆಯೊಂದಿಗೆ ಹೇಗೆ ಬಾಳಿದಳು ಎಂಬ ಚರಿತ್ರೆಯನ್ನು ಬರೆಯಲು ಹೊರಟರೆ ಅದು ಬಾವಿ, ಬೋರು, ಕಾಲುವೆಗಳ ಚರಿತ್ರೆಯೂ ಆಗಿಬಿಡುತ್ತದೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಆ ಕಾದಾಟದ ಹೆಸರಾಂತ ಅಧ್ಯಾಯ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಇನ್ನೊಂದು. ನಕಾಶೆಯಲ್ಲಿ ಎರಡು ಮಹಾನದಿಗಳ ನಡುವಿನ ಈ ನೆಲ ಹಸಿರಾಗಿಯೇ ಇರಬೇಕು ಅನ್ನಿಸುತ್ತದೆ. ನದಿಗಳು ಮಾತ್ರ ಅಂಚಿನಲ್ಲಿ ಹರಿಯುತ್ತವೆ. ಒಳನಾಡಿಗೆ ಸಿಗುವುದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನಂಬುವಂತಿಲ್ಲ. ಎರೆ ಮತ್ತು ಮಸಾರಿ ಮಣ್ಣಿನ ಕೆಳಗೆ ಬಹುಪಾಲು ಹಳೆಯ ಗ್ರಾನೈಟು, ನೈಸ್ ಶಿಲೆ. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಿರುಕುಗಳಲ್ಲಿ ನೀರು ಬಹುಕಾಲ ನಿಂತಷ್ಟೂ, ನೀರು ಕ್ಷಾರವಾದಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡ್ ಕರಗಿ ಬರುವುದು ಹೆಚ್ಚು. ಭಾರತದ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಸಹಿಸಬಹುದು. ರಾಯಚೂರು ಜಿಲ್ಲೆಯ ಅಂತರ್ಜಲ ಆ ಗೆರೆಯನ್ನು ಹಲವು ಕಡೆ ದಾಟುತ್ತದೆ.

ಮಸ್ಕಿಯ ಹೆಸರು ಜಗತ್ತಿಗೆ ಗೊತ್ತಾದದ್ದು 1915ರಲ್ಲಿ. ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ದೇವಾನಾಂಪ್ರಿಯ ಎಂದು ಶಾಸನಗಳಲ್ಲಿ ಕಾಣುವ ಅರಸನೇ ಅಶೋಕ ಎಂಬುದಕ್ಕೆ ಹೆಸರಿನ ಸಾಕ್ಷಿ ಸಿಕ್ಕಿದ್ದು ಅಲ್ಲಿ. ಅದೇ ಅರಸನ ಇನ್ನೊಂದು ಶಾಸನ, ಎರಡನೆಯ ಹೆಬ್ಬಂಡೆ ಶಾಸನ, ಪಕ್ಕದ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿದೆ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧದ ಗಿಡಮೂಲಿಕೆ ನೆಡಿಸಿದ್ದು, ದಾರಿಯುದ್ದಕ್ಕೂ ಬಾವಿ ತೋಡಿಸಿದ್ದು ಅದರಲ್ಲಿ ಒಟ್ಟಿಗೇ ಬಂದಿವೆ. ವೈದ್ಯವನ್ನೂ ಬಾವಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಆ ವಿವೇಕ ಮುಂದೆ ಆಡಳಿತಗಳಿಗೆ ಕೈತಪ್ಪಿತು. ಆಸ್ಪತ್ರೆ ಒಂದು ಇಲಾಖೆಗೆ, ನೀರು ಇನ್ನೊಂದು ಇಲಾಖೆಗೆ ಹೋದವು.

ಜನರ ನಂಬಿಕೆಯಲ್ಲಿ ಮಾತ್ರ ಅವೆರಡೂ ಬೇರೆಯಾಗಿರಲಿಲ್ಲ. ಈ ಭಾಗದ ಮನೆಮನೆಯ ದೇವತೆ ಸವದತ್ತಿಯ ಎಲ್ಲಮ್ಮ. ಅವಳ ಕತೆ ಕಾಯಿಲೆ ಬಿದ್ದ ಹೆಣ್ಣಿನ ಕತೆ. ಗಂಡ ಜಮದಗ್ನಿಯ ಶಾಪದಿಂದ ಮೈತುಂಬ ಚರ್ಮರೋಗ ಹತ್ತಿ ಮನೆಯಿಂದ ಹೊರಬಿದ್ದವಳು, ಎಕ್ಕಯ್ಯ ಜೋಗಯ್ಯರ ಮಾತಿನಂತೆ ಮಿಂದು ಗುಣವಾದಳು. ಗುಡ್ಡದ ಜೋಗುಳಬಾವಿಯಲ್ಲಿ ಮಿಂದರೆ ಮೈಮೇಲಿನ ರೋಗ ಹೋಗುತ್ತದೆ ಎಂಬ ನಂಬಿಕೆ ಇವತ್ತಿಗೂ ಇದೆ. ರೋಗಿ ಹೆಣ್ಣನ್ನು ದೇವತೆಯ ಪೀಠದಲ್ಲಿ ಕೂರಿಸಿದ ಸಮಾಜ, ತನ್ನ ಮನೆಯ ರೋಗಿ ಹುಡುಗಿಯರ ವಿಷಯದಲ್ಲಿ ಕಟುವಾಗಿತ್ತು. ವಾಸಿಯಾಗದ ಚರ್ಮದ ಕಾಯಿಲೆ, ತಲೆಯಲ್ಲಿ ಗಂಟುಗಟ್ಟಿದ ಜಡೆ, ಪದೇಪದೇ ಬೀಳುವ ಮೈ ಇವೆಲ್ಲ ಅಮ್ಮನ ಕರೆಯೆಂದು ತಿಳಿದು, ದಲಿತ ಕೇರಿಗಳ ಹುಡುಗಿಯರಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿಸಿದರು. ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಹೆಸರಿನಲ್ಲೂ ಇದು ನಡೆಯಿತು. ಜಡೆ ಎಂದರೆ ಎಷ್ಟೋ ಸಲ ಬಾಚದೆ, ತೊಳೆಯದೆ ಜಿಗುಟಾಗಿ ಹೆಣೆದುಕೊಂಡ ಕೂದಲು ಅಷ್ಟೇ. ತೊಳೆಯಲು ನೀರಿಲ್ಲದ ಮನೆಗಳಲ್ಲೇ ಅದು ಹೆಚ್ಚು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂದ ಮೇಲೆ, ಕಾನೂನಿನಷ್ಟೇ ಕೆಲಸ ಮಾಡಿದ್ದು ಮಾಜಿ ದೇವದಾಸಿಯರ ಸಂಘಗಳು. ಹುಡುಗಿಯ ಜಡೆಯನ್ನು ಕತ್ತರಿಸಿ, ತಲೆಗೆ ಎಣ್ಣೆ ಹಚ್ಚಿ, ಏನೂ ಆಗುವುದಿಲ್ಲವೆಂದು ತೋರಿಸಿಕೊಟ್ಟ ಕೈಗಳು ಅವರವು.

ಇನ್ನು ಪಾವಟಿಗೆ ಬಾವಿ. ಬಿಸಿಲು ಸೀಮೆಯ ಕಲ್ಲು ಕಟ್ಟಡದ ಈ ಮೆಟ್ಟಿಲು ಬಾವಿಗಳನ್ನು ಈಗ ಪ್ರವಾಸಿಗರು ಚೆಂದವೆಂದು ಚಿತ್ರ ತೆಗೆಯುತ್ತಾರೆ, ಚೆಂದವೂ ಹೌದು. ಅವುಗಳ ತಳದಲ್ಲಿ ನಾರುಹುಣ್ಣು ವಾಸವಾಗಿತ್ತು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಸೈಕ್ಲೋಪ್ಸ್ ಎಂಬ ಕಿರುಜೀವಿ, ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ನೀರು ಕುಡಿದವರ ಮೈಯೊಳಗೆ ಅದು ಸದ್ದಿಲ್ಲದೆ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಕಾಲಿನ ಬೊಬ್ಬೆ ಒಡೆದು ಹೊರಬರುತ್ತಿತ್ತು. ಉದ್ದ ಒಂದು ಮೀಟರ್ ತನಕ. ಒಮ್ಮೆಲೇ ಎಳೆಯುವಂತಿಲ್ಲ. ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ನಡುವೆ ಹರಿದರೆ ಕಾಲು ಕೀವಾಗಿ ಬಾತು ತಿಂಗಳುಗಟ್ಟಲೆ ಮೂಲೆ ಹಿಡಿಸುತ್ತಿತ್ತು. ಒಂದು ಸಲ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇರಲಿಲ್ಲ. ವರ್ಷ ವರ್ಷವೂ ಬಂದವರಿದ್ದರು.

ಈ ರೋಗದ ಚಕ್ರ ತಿರುಗುತ್ತಿದ್ದುದು ನೀರು ಹೊರುವವಳ ಕಾಲಿನ ಮೇಲೆ. ಬೊಬ್ಬೆ ಉರಿಯುತ್ತದೆ, ತಣ್ಣೀರಿಗೆ ಕಾಲಿಟ್ಟರೆ ಹಾಯ್ ಎನಿಸುತ್ತದೆ. ಬಾವಿಗೆ ಇಳಿಯದೆ ವಿಧಿಯೂ ಇಲ್ಲ, ಯಾಕೆಂದರೆ ಕೊಡ ತುಂಬದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅವಳು ಕೊನೆಯ ಪಾವಟಿಗೆಯಲ್ಲಿ ನಿಂತು ಕೊಡ ಅದ್ದುವ ಹೊತ್ತಿಗೆ ಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಟ್ಟಿರುತ್ತಿತ್ತು. ಊರಿಗೆ ರೋಗ ಹರಡಿದವಳು ಎಂದು ಅವಳ ಕಡೆ ಬೊಟ್ಟು ಮಾಡುವುದು ಸುಲಭ. ಅವಳ ಕೈಯಿಂದ ಕೊಡ ಇಸಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಇರಲಿಲ್ಲ ಎಂಬುದೇ ನಿಜವಾದ ಕಾರಣ.

ಭಾರತದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983–84ರಲ್ಲಿ ಶುರುವಾದಾಗ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಪ್ರಕರಣ. ಅದಕ್ಕೆ ಲಸಿಕೆ ಇರಲಿಲ್ಲ, ಗುಳಿಗೆಯೂ ಇರಲಿಲ್ಲ, ಇವತ್ತಿಗೂ ಇಲ್ಲ. ಗೆದ್ದದ್ದು ಎರಡು ಮಡಿಕೆಯ ಸೋಸುಬಟ್ಟೆ, ಬಾವಿಗೆ ಹಾಕಿದ ಟೆಮಿಫಾಸ್ ಎಂಬ ಔಷಧ, ಇಳಿಯುವ ಪಾವಟಿಗೆ ಮುಚ್ಚಿ ರಾಟೆ ಹಾಕಿದ್ದು ಮತ್ತು ಊರೂರಿಗೆ ಬಂದ ಬೋರ್‌ವೆಲ್. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿತು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದಿತು. ಹೆಂಗಸರ ಕಾಲಿನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಗೆಲುವು ಇನ್ನೊಂದಿಲ್ಲ. ಅದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟವಾದರೂ ಸಿಗಬೇಕಿತ್ತು.

ಆ ಗೆಲುವಿನೊಳಗೇ ಮುಂದಿನ ನೋವಿನ ಬೇರು ಇತ್ತು. 1970ರ ದಶಕದ ಬರಗಳಲ್ಲಿ ಕೊರೆಯುವ ಯಂತ್ರಗಳು ಗ್ರಾನೈಟನ್ನು ಸೀಳಿ ಆಳಕ್ಕಿಳಿದವು. ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪು, ದಶಕದ ಕೊನೆಯ ಹೊತ್ತಿಗೆ ತಯಾರಾಗತೊಡಗಿ, ಹಳ್ಳಿಗಳ ನಡುವೆ ನಿಂತಿತು. ಅದರ ಒಳಿತನ್ನು ಕಡಿಮೆ ಮಾಡಿ ಹೇಳಬಾರದು. ಮೇಲುಜಾತಿಯವರ ಬಾವಿಯ ಮೆಟ್ಟಿಲು ತುಳಿಯುವಂತಿಲ್ಲದೆ, ಯಾರಾದರೂ ಮೇಲಿನಿಂದ ನೀರು ಸುರಿಯಲೆಂದು ಕೊಡ ಹಿಡಿದು ನಿಲ್ಲುತ್ತಿದ್ದ ದಲಿತ ಹೆಣ್ಣುಮಕ್ಕಳಿಗೆ, ತಮ್ಮ ಕೇರಿಯ ಪಂಪು ಯಾರ ಹಂಗೂ ಇಲ್ಲದ ಮೊದಲ ನೀರು. ಕಣ್ಣಿಗೆ ತಿಳಿಯಾಗಿತ್ತು, ಹುಳ ಇರಲಿಲ್ಲ. ಆದರೆ ಅದು ಕಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತ ನೀರು. ಹಳೆಯ ಬಾವಿಗಳಲ್ಲಿ ಫ್ಲೋರೈಡ್ ಇರಲೇ ಇಲ್ಲವೆಂದಲ್ಲ. ಮಳೆನೀರು ಬೆರೆತು ತೆಳುವಾಗುವ ಕೆರೆ, ಹಳ್ಳದ ಒರತೆ, ತೆರೆದ ಬಾವಿಗಳನ್ನು ಬಿಟ್ಟು ಊರಿಗೆ ಊರೇ ಆಳದ ನೀರಿಗೆ ತಿರುಗಿದ್ದು ಹೊಸತು.

ಅಷ್ಟರಲ್ಲಾಗಲೇ ವಿಜ್ಞಾನಕ್ಕೆ ಈ ವಿಷಯ ಗೊತ್ತಿತ್ತು ಎಂಬುದು ನೋವಿನ ಸಂಗತಿ. ಇದನ್ನು ಮೊದಲು ಗಮನಿಸಿದವರು ತೆಲುಗು ಸೀಮೆಯ ರೈತರು. 1930ರ ದಶಕದಲ್ಲಿ ನೆಲ್ಲೂರು ಕಡೆಯ ಉಳುವ ಎತ್ತುಗಳು ಕೀಲು ಸೆಟೆದು ನಡೆಯಲಾರದೆ ನಿಂತವು; ನೀರು ಬದಲಿಸಿ ದನ ಉಳಿಸಿಕೊಂಡರು. 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ಅವರ ಲೇಖನ ಅದೇ ನೆಲ್ಲೂರಿನ ಮನುಷ್ಯರಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡಿನ ಈ ಕಾಯಿಲೆ, ಇರುವುದನ್ನು ದಾಖಲಿಸಿತು. 1955ರಲ್ಲಿ ಎ. ಎಚ್. ಸಿದ್ದೀಕಿ ಅವರು ನಲ್ಗೊಂಡ ಜಿಲ್ಲೆಯ ಫ್ಲೋರೋಸಿಸ್ ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆಗ ನಲ್ಗೊಂಡವೂ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಮರುವರ್ಷ ರಾಜ್ಯಗಳ ಗಡಿ ಬದಲಾಗಿ ರಾಯಚೂರು ಮೈಸೂರಿಗೆ ಸೇರಿತು. ಕೆಳಗಿನ ಬಂಡೆ ಮಾತ್ರ ಅದೇ ಜಾತಿಯದಾಗಿ ಉಳಿಯಿತು.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ನಲ್ಗೊಂಡ ಕಡೆಯ ಎಳೆಯರಲ್ಲಿ ಮೊಣಕಾಲುಗಳು ಒಳಬಾಗಿ ಒಂದಕ್ಕೊಂದು ತಾಗುವ ಹೊಸ ರೂಪವನ್ನು ಲ್ಯಾನ್ಸೆಟ್‌ನಲ್ಲಿ ವಿವರಿಸಿದರು. ನಾಗಾರ್ಜುನಸಾಗರ ಅಣೆಕಟ್ಟಿನಿಂದ ಅಂತರ್ಜಲ ಮೇಲೆ ಬಂದು ಮಣ್ಣಿನ ಲವಣಾಂಶ ಬದಲಾದದ್ದು, ಜೋಳವೇ ಮುಖ್ಯ ಆಹಾರವಾದ್ದರಿಂದ ಮೈಯಲ್ಲಿ ಮಾಲಿಬ್ಡಿನಂ ಹೆಚ್ಚಿ ತಾಮ್ರ ಕಡಿಮೆಯಾದದ್ದು, ಇವು ಫ್ಲೋರೈಡಿನ ಜೊತೆ ಸೇರಿ ಹೀಗಾಗುತ್ತದೆ ಎಂದು ಆ ಸಂಸ್ಥೆಯವರು ವಾದಿಸಿದರು. ಇಂಥ ಮೊಣಕಾಲುಗಳ ವರದಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಸುತ್ತಮುತ್ತಲಿಂದಲೂ ಬಂತು. ಬಾಗಿದ ಕಾಲು ಹುಡುಗರಲ್ಲೇ ಹೆಚ್ಚು ಕಂಡಿತ್ತು, ಎಣಿಕೆಗೂ ಸುಲಭವಾಗಿ ಸಿಕ್ಕಿತು. ಹೆಂಗಸರ ಕಷ್ಟ ಅಷ್ಟು ಎದ್ದು ಕಾಣದ ಬಗೆಯದು. ಒಂದರ ಹಿಂದೊಂದು ಬಸಿರು, ಬಾಣಂತನ, ಮೊಲೆಹಾಲು ಎಲ್ಲವೂ ಎಲುಬಿನ ಕ್ಯಾಲ್ಸಿಯಂ ಕೇಳುತ್ತವೆ; ಊಟದಲ್ಲಿ ಅದು ತುಂಬಿ ಬರದ ಮೈಗೆ ಫ್ಲೋರೈಡಿನ ಪೆಟ್ಟು ಜೋರು. ಎಕ್ಸ್-ರೇ ತೆಗೆಸದ ತನಕ ಅದು ವಾಯು, ದಣಿವು, ಮೈಗಳ್ಳತನ ಎಂಬ ಹೆಸರುಗಳಲ್ಲೇ ಮನೆಯೊಳಗೆ ಓಡಾಡುತ್ತದೆ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರನ್ನು ಜೋಳದ ನಾಡಿನಿಂದ ಭತ್ತದ ನಾಡಾಗಿಸಿತು. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಇಲ್ಲಿ ಕ್ಯಾಂಪುಗಳಾದವು. ನದಿಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಹಾಗಾಗಿ ಕಾಲುವೆಯಿಂದ ಕೆರೆ ತುಂಬಿಸಿಕೊಂಡು, ಸೋಸಿ ಕುಡಿಯುವ ಊರಿನ ಸೊಸೆಗೂ ಎತ್ತರದ ಮಸಾರಿ ಊರಿನ ಬೋರು ನಂಬಿದ ಸೊಸೆಗೂ ಎಲುಬಿನ ಲೆಕ್ಕದಲ್ಲಿ ದೊಡ್ಡ ಅಂತರ ಬಿತ್ತು. ಒಣ ಊರಿನವಳೇ ನಾಟಿಯ ಹಂಗಾಮಿನಲ್ಲಿ ಕೂಲಿಗಾಗಿ ಸಿಂಧನೂರಿನ ಗದ್ದೆಗೆ ಇಳಿಯುತ್ತಾಳೆ, ಹಿಡಿದ ಸೊಂಟವನ್ನು ದಿನವಿಡೀ ಬಗ್ಗಿಸುತ್ತಾಳೆ. ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟುವುದೇ ಕಷ್ಟ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಕೆರೆ ತಳ ಕಂಡಾಗ ಕಾಲುವೆಯ ಊರಿನವರೂ ಬೋರಿಗೇ ಬರುತ್ತಾರೆ.

ಹಟ್ಟಿ ಚಿನ್ನದ ಸೀಮೆಯ ಕಡೆ ಇನ್ನೊಂದು ಕಂಟಕವಿದೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಸಾಮಾನ್ಯ. ನೆರೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಕರಾವಳಿಯದಲ್ಲದ, ಆ ಕಡೆಯದೇ ಆದ ಮಂಗಳೂರಿನ ಹಳೆಯ ಚಿನ್ನದ ಗಣಿಯ ಬಳಿ, ಲಂಬಾಣಿ ಕುಟುಂಬಗಳ ಅಂಗೈ ಅಂಗಾಲುಗಳಲ್ಲಿ ಗಂಟುಗಳು ಎದ್ದದ್ದಕ್ಕೆ ಕೊಳವೆಬಾವಿಯ ಆರ್ಸೆನಿಕ್ಕೇ ಕಾರಣವೆಂದು ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರ 2013ರ ಅಧ್ಯಯನ ತೋರಿಸಿತು.

ಎಲುಬಿಗೆ ಕೂತ ಫ್ಲೋರೈಡನ್ನು ಪೂರ್ತಿ ತೆಗೆಯುವ ಔಷಧವಿಲ್ಲ. ಆದರೆ ಬೇಗ ಗುರುತಿಸಿ ನೀರು ಬದಲಿಸಿದರೆ ನೋವು ಇಳಿಯುತ್ತದೆ, ಮುಂದಿನ ಕೆಡುಕು ತಪ್ಪುತ್ತದೆ. ಗುರುತಿಸುವ ಮೊದಲ ಹೆಜ್ಜೆಗೆ ಯಂತ್ರವೂ ಬೇಡ. 2008–09ರಲ್ಲಿ ಶುರುವಾದ ರಾಷ್ಟ್ರೀಯ ಫ್ಲೋರೋಸಿಸ್ ಕಾರ್ಯಕ್ರಮದವರು ಮೂರು ಸರಳ ಪರೀಕ್ಷೆಗಳನ್ನು ಬಳಸುತ್ತಾರೆ. ಅಂಗಳದಲ್ಲಿ ನಿಂತ ಹೆಂಗಸು ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು, ಗದ್ದವನ್ನು ಎದೆಗೆ ತಾಗಿಸಬೇಕು, ಎರಡೂ ತೋಳು ಚಾಚಿ ಮಡಚಿ ತಲೆಯ ಹಿಂಬದಿ ಮುಟ್ಟಬೇಕು. ಸೊಂಟ, ಕುತ್ತಿಗೆ, ಭುಜ ಎಷ್ಟು ಸೆಟೆದಿವೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಸೆರಗು ಸರಿಪಡಿಸಿಕೊಂಡು ನಗುತ್ತಲೇ ಬಗ್ಗಿದವಳ ಕೈ ಮೊಣಕಾಲಿನ ಹತ್ತಿರವೇ ನಿಂತುಬಿಟ್ಟರೆ, ಅವಳು ವರ್ಷಗಳಿಂದ ಯಾರಿಗೂ ಹೇಳದೆ ಇದ್ದದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಚೆನ್ನಾಗಿ ಬಾಳುವುದು ಎಂದರೆ ಅಂಥವಳಿಗೆ ತೀರಾ ನಿರ್ದಿಷ್ಟವಾದ ಸಂಗತಿಗಳು. ನೆಲದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಇಪ್ಪತ್ತು ರೊಟ್ಟಿ ಬಡಿಯುವ ಬದಲು ಸೊಂಟದೆತ್ತರದ ಕಟ್ಟೆ. ಎತ್ತರದ ಆಸನವಿರುವ ಪಾಯಖಾನೆ. ಕೊಡದ ಬದಲು ತಳ್ಳುವ ಗಾಡಿ, ಅದನ್ನು ತಳ್ಳಲು ಗಂಡನದೋ ಮೈದುನನದೋ ಕೈ. ಇವು ಸೌಕರ್ಯದ ಮಾತಾಗಿ ಕೇಳುತ್ತವೆ, ಅವಳ ಪಾಲಿಗೆ ಔಷಧ. ತಟ್ಟೆಯಲ್ಲೂ ಔಷಧವಿದೆ. ಮಜ್ಜಿಗೆ, ನುಗ್ಗೆಸೊಪ್ಪು, ಸಂಕ್ರಾಂತಿಗಷ್ಟೇ ಮೀಸಲಾಗಬಾರದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಕ್ಯಾಲ್ಸಿಯಂ ಕೊಡುತ್ತವೆ. ನೆಲ್ಲಿಕಾಯಿ, ನಿಂಬೆ ಸಿ ಜೀವಸತ್ವ ಕೊಡುತ್ತವೆ. ಹುಣಸೆಹುಳಿ ತಿಂದವರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುವುದನ್ನು ರಾಷ್ಟ್ರೀಯ ಪೋಷಣ ಸಂಸ್ಥೆಯವರು 2002ರಲ್ಲಿ ಹುಡುಗರ ಮೇಲಿನ ಸಣ್ಣ ಅಧ್ಯಯನದಲ್ಲಿ ಕಂಡರು. ಕರಿ ಉಪ್ಪು, ಅಡಿಕೆ, ಕರಿ ಚಹಾ ಫ್ಲೋರೈಡನ್ನು ಹೆಚ್ಚಿಸುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆದ್ದರಿಂದ ಒಳ್ಳೆಯ ನೀರು ಕುಡಿಯಲಿಕ್ಕೆ ಎಷ್ಟು ಬೇಕೋ ಬೇಳೆ, ಅನ್ನ ಬೇಯಿಸಲಿಕ್ಕೂ ಅಷ್ಟೇ ಬೇಕು.

ತರುಣಿಯರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಶೋಧನೆ ದೆಹಲಿಯದು. ಏಮ್ಸ್‌ನಲ್ಲಿ ದುಡಿದು, ಆಮೇಲೆ ಫ್ಲೋರೋಸಿಸ್‌ಗಾಗಿಯೇ ಸಂಸ್ಥೆ ಕಟ್ಟಿದ ಎ. ಕೆ. ಸುಶೀಲಾ ಮತ್ತು ಸಂಗಡಿಗರು, ಹಿಮೋಗ್ಲೋಬಿನ್ 9 ಗ್ರಾಂ ಮೀರದ, ಮೂತ್ರದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಿ ಫ್ಲೋರೈಡ್ ಇದ್ದ ಬಸುರಿಯರನ್ನು ಆರಿಸಿದರು. ನೀರು ಮತ್ತು ಊಟದಿಂದ ಫ್ಲೋರೈಡ್ ತಗ್ಗಿಸಿ, ಪೌಷ್ಟಿಕಾಂಶ ಹೆಚ್ಚಿಸಿದಾಗ ಹಿಮೋಗ್ಲೋಬಿನ್ ಏರಿತು, ಹುಟ್ಟಿದ ಕೂಸುಗಳ ತೂಕವೂ ಹೆಚ್ಚಿತು. 2010ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಇದು ಪ್ರಕಟವಾಯಿತು. ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸುವುದರಿಂದ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಎಂಬುದು ಅವರ ವಿವರಣೆ. ಹಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಗುಳಿಗೆ ನುಂಗುತ್ತಲೇ ರಕ್ತಹೀನಳಾಗಿ ಉಳಿದ ಬಸುರಿಗೆ ಸರಿಯಾಗಿ ಗುಳಿಗೆ ತಗೋತಿಲ್ಲ ನೀನು ಎಂದು ಗದರುವ ಮೊದಲು, ಅವಳ ಮನೆಗೆ ಯಾವ ನೀರು ಬರುತ್ತದೆ ಎಂದು ಕೇಳಬೇಕು. ತಾಯಿ ಕಾರ್ಡಿನಲ್ಲಿ ರಕ್ತದ ಪ್ರಮಾಣ, ತೂಕ, ಬಿಪಿ ಬರೆಯುತ್ತಾರೆ. ನೀರಿನ ಫ್ಲೋರೈಡನ್ನೂ ಅಲ್ಲೇ ಬರೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲೂ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಚಲನವೈಕಲ್ಯದ ಲೆಕ್ಕದಲ್ಲಿ ಪ್ರಮಾಣಪತ್ರ ಸಿಗುವಷ್ಟು ಮೈ ಸೆಟೆಯುವ ಹೊತ್ತಿಗೆ, ನೀರು ಬದಲಿಸಿ ಚೇತರಿಸಿಕೊಳ್ಳಬಹುದಾಗಿದ್ದ ವರ್ಷಗಳು ಕಳೆದುಹೋಗಿರುತ್ತವೆ.

ನೀರಿನಿಂದ ಫ್ಲೋರೈಡ್ ತೆಗೆಯುವ ಉಪಾಯಗಳಿಗೂ ಒಂದು ಚರಿತ್ರೆಯಿದೆ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ, ಪಟಿಕ, ಬ್ಲೀಚಿಂಗ್ ಪುಡಿ ಸಾಕು, ಬಕೆಟ್ಟಿನಲ್ಲೂ ಮಾಡಬಹುದು. ದಿನಾ ಅಳೆದು, ಕಲಕಿ, ಕೆಸರು ಚೆಲ್ಲುವ ಕೆಲಸ ಮತ್ತೆ ಮನೆಯ ಸೊಸೆಯ ಪಾಲಿಗೇ ಬಂತು. ಈಗ ಊರೂರಿನಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳಿವೆ. ಫಿಲ್ಟರ್ ನೀರು ಎಂದರೆ ಮಕ್ಕಳಿಗೂ ಗೊತ್ತು. ಪೊರೆ ಹಾಳಾದರೆ, ಕರೆಂಟು ಇಲ್ಲದಿದ್ದರೆ, ದುರಸ್ತಿ ಹೊಣೆ ಯಾರದೆಂದು ತೀರ್ಮಾನವಾಗದಿದ್ದರೆ ಬಾಗಿಲಿಗೆ ಬೀಗ ಬೀಳುತ್ತದೆ.

2019ರ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ನಿಯಮವಿದೆ. ಪುಟ್ಟ ಪೆಟ್ಟಿಗೆಯ ಕೊಳವೆಯಲ್ಲಿ ಬೋರಿನ ನೀರು ಹಿಡಿದು, ಬಣ್ಣದ ದ್ರಾವಣ ಬೆರೆಸಿ, ಗುಲಾಬಿ ಬಣ್ಣ ಎಷ್ಟು ಹಳದಿಗೆ ತಿರುಗಿತು ಎಂಬುದನ್ನು ಪಟ್ಟಿಯ ಜೊತೆ ಹೋಲಿಸಿ ನೋಡುತ್ತಾರೆ. ತಲೆಮಾರುಗಳಿಂದ ನೀರು ಹೊತ್ತವರ ಕೈಗೆ ನೀರನ್ನು ಅಳೆಯುವ ಸಾಧನ ಬಂದಂತಾಯಿತು. ಫಲಿತಾಂಶ ಪಂಚಾಯಿತಿಯ ದಾಖಲೆ ಸೇರುತ್ತದೆ. ಅದು ಆಶಾ ಕಾರ್ಯಕರ್ತೆಯ ಪುಸ್ತಕಕ್ಕೂ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿಗೂ ಹೋಗುವ ದಾರಿಯೊಂದನ್ನು ಈಗಲೇ ಮಾಡಬೇಕಿದೆ. ಮೊದಲು ಎಡದಂಡೆ ಕಾಲುವೆ ಬಂದ್ ಆಗುವ ಬೇಸಿಗೆ ತಿಂಗಳುಗಳಿಗಾಗಿ, ಆಮೇಲೆ ಕಾಲುವೆಯೇ ಮುಟ್ಟದ ಲಿಂಗಸುಗೂರು, ಮಸ್ಕಿ ಭಾಗದ ಎತ್ತರದ ಊರುಗಳಿಗಾಗಿ.